ಹತ್ತೊಂಬತ್ತನೆಯ ಹಾಳೆಯ ಅಂಚು

ಪಾದುವ, ೭ ಅಕ್ಟೋಬರ್ ೧೯೫೭

ಮಾನ್ಯ ಡಾಕ್ಟರ್ ಒಲಿಂತೊ ದಲ್ಮಾಸೊ ಅವರಿಗೆ,

ಪರಿಚಯವಿಲ್ಲದವಳು ಬರೆಯುತ್ತಿದ್ದೇನೆ, ಮನ್ನಿಸಬೇಕು. ಸಾವಿರದ ಐನೂರನೆಯ ಇಸವಿಗೆ ಮೊದಲು ನಮ್ಮ ವೆನೆತೊ ಸೀಮೆಯ ಊರುಗಳಲ್ಲಿ ಅಚ್ಚಾದ ವೈದ್ಯ ಪುಸ್ತಕಗಳ ಸೂಚಿಯೊಂದನ್ನು ಹನ್ನೊಂದು ವರ್ಷದಿಂದ ತಯಾರಿಸುತ್ತಿದ್ದೇನೆ. ಯಾವ ಪುಸ್ತಕ, ಅಚ್ಚು ಹಾಕಿದವರು ಯಾರು, ಹಾಳೆ ಎಷ್ಟು, ಇವತ್ತಿಗೆ ಎಷ್ಟು ಪ್ರತಿ ಉಳಿದಿವೆ, ಯಾರ ಕೈಯಲ್ಲಿವೆ, ಅವರ ಕೈಗೆ ಹೇಗೆ ಬಂದವು, ಇಷ್ಟೇ ಕೆಲಸ. ಹೇಳಿದರೆ ಕೇಳಿದವರಿಗೆ ಆಕಳಿಕೆ ಬರುತ್ತದೆ.

ಇಲ್ಲಿನ ಹಳೇ ಪುಸ್ತಕದ ವ್ಯಾಪಾರಿಯೊಬ್ಬರು ನಿಮ್ಮ ಹೆಸರು ಹೇಳಿದರು. ೧೪೮೮ರಲ್ಲಿ ವಿಚೆಂತ್ಸದಲ್ಲಿ ಅಚ್ಚಾದ, ಮಕ್ಕಳ ಜ್ವರಗಳನ್ನು ಕುರಿತ ಪುಟ್ಟ ಪುಸ್ತಕ ನಿಮ್ಮಲ್ಲಿ ಇದೆಯಂತೆ. ಅದರ ಒಂದು ಪ್ರತಿ ವಿಯೆನ್ನಾದಲ್ಲಿದೆ, ಆದರೆ ಕೊನೆಯ ಆರು ಹಾಳೆ ಇಲ್ಲ. ಇನ್ನೊಂದು ಪ್ರತಿ ಇತ್ತು, ಈಗ ಸಿಗುತ್ತಿಲ್ಲ. ನಿಮ್ಮದು ಪೂರ್ತಿ ಇದ್ದರೆ ಅದೊಂದೇ ಪೂರ್ಣ ಪ್ರತಿ ಎಂದಾಯಿತು.

ದಯವಿಟ್ಟು ಹಾಳೆಗಳನ್ನು ಎಣಿಸಿ ತಿಳಿಸುವಿರಾ? ಇಪ್ಪತ್ತು ಸಾಲಿನ ಎತ್ತರ ಎಷ್ಟು ಮಿಲಿಮೀಟರ್? ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಗದದೊಳಗೆ ಯಾವ ಗುರುತು ಕಾಣುತ್ತದೆ? ನಿಮ್ಮ ರೋಗಿಗಳ ಸಮಯವನ್ನು ನಾನು ತಿನ್ನುತ್ತಿದ್ದೇನೆ ಎಂಬ ಸಂಕೋಚ ಇದ್ದೇ ಇದೆ.

ವಿಶ್ವಾಸದಿಂದ,
ನೊರಿನ ಬೆಲ್ತ್ರಾಮೆ


ಫೆಲ್ತ್ರೆ, ೧೫ ಅಕ್ಟೋಬರ್ ೧೯೫೭

ಶ್ರೀಮತಿ ಬೆಲ್ತ್ರಾಮೆ ಅವರಿಗೆ,

ನಿಮ್ಮ ಕಾಗದ ಬಂದಾಗ ಒಬ್ಬ ರೈತನ ಕಿವಿಯಿಂದ ಜೋಳದ ಕಾಳು ತೆಗೆಯುತ್ತಿದ್ದೆ. ಮನೆ ನೋಡಿಕೊಳ್ಳುವ ಪೀನ ಲಕೋಟೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಬಂದಳು. "ಡಾಕ್ಟ್ರೇ, ಯಾರೋ ಹೆಂಗಸು ಬರೆದಿದ್ದಾಳೆ. ಅಕ್ಷರ ಮುತ್ತಿನ ಹಂಗಿದೆ. ಬೇಗ ಓದಿ, ಆ ಕಾಳು ಎಲ್ಲಿಗೂ ಓಡಿಹೋಗಲ್ಲ." ರೈತನೂ ಒಪ್ಪಿದ. ಹಾಗಾಗಿ ನಿಮ್ಮ ಕಾಗದ ಮೂವರ ಎದುರು ಓದಲ್ಪಟ್ಟಿತು.

ಇಪ್ಪತ್ತಾರು ವರ್ಷ ಸರ್ಕಾರಿ ವೈದ್ಯನಾಗಿ ಈ ಬೆಟ್ಟಗಳಲ್ಲಿ ಅಲೆದಿದ್ದೇನೆ. ನನ್ನ ಪುಸ್ತಕಗಳ ಬಗ್ಗೆ ಯಾರೂ ಹೀಗೆ ಕೇಳಿರಲಿಲ್ಲ. ಹಾಳೆ ಮೂವತ್ತನಾಲ್ಕು, ಎರಡು ಸಲ ಎಣಿಸಿದೆ, ಒಂದೂ ಕಳೆದಿಲ್ಲ. ಇಪ್ಪತ್ತು ಸಾಲಿಗೆ ಎಂಬತ್ತಮೂರು ಮಿಲಿಮೀಟರ್. ಭಾನುವಾರ ಬೆಳಿಗ್ಗೆ ಒಂದೊಂದೇ ಹಾಳೆಯನ್ನು ಕಿಟಕಿಗೆ ಹಿಡಿದೆ. ಒಂದು ತಕ್ಕಡಿ ಕಾಣಿಸಿತು, ವೃತ್ತದೊಳಗೆ, ತುಸು ಓರೆಯಾಗಿ. ಕಾಗದ ಮಾಡಿದವನ ಕೈ ಅವತ್ತು ಯಾಕೆ ನಡುಗಿತ್ತೋ. ಪೀನ ಇಣುಕಿ ನೋಡಿ, "ತೂಕ ಸರಿ ಇಲ್ಲ, ಮಾಂಸದಂಗಡಿ ಬೆಪಿಯ ತಕ್ಕಡಿ ಥರ" ಎಂದಳು.

ಇನ್ನೇನು ಬೇಕಾದರೂ ಕೇಳಿ. ನಿಜವಾಗಿ ಹೇಳುತ್ತೇನೆ, ಕೇಳಿದರೆ ನನಗೆ ಸಂತೋಷ.

ನಿಮ್ಮ
ಒಲಿಂತೊ ದಲ್ಮಾಸೊ


ಪಾದುವ, ೨೦ ಅಕ್ಟೋಬರ್ ೧೯೫೭

ಮಾನ್ಯ ಡಾಕ್ಟರೇ,

ನಿಮ್ಮಂಥ ಉತ್ತರ ಬರೆದವರು ಈ ಹನ್ನೊಂದು ವರ್ಷದಲ್ಲಿ ಇಬ್ಬರೋ ಮೂವರೋ. ತಕ್ಕಡಿಯ ವಿಷಯ ನನ್ನ ಅಮ್ಮನಿಗೂ ಓದಿ ಹೇಳಿದೆ. ನಾವಿಬ್ಬರೇ ಇರುವುದು, ನನ್ನ ಗಂಡ ರಷ್ಯಾದ ಯುದ್ಧಕ್ಕೆ ಹೋದವರು ಬರಲಿಲ್ಲ. ಅಮ್ಮ ಪುಸ್ತಕಗಳ ಮಾತು ಕೇಳಿಸಿಕೊಳ್ಳುವವಳೇ ಅಲ್ಲ, ಆದರೆ ಪೀನಳ ಮಾತಿಗೆ ನಕ್ಕಳು.

ಇನ್ನು ಮೂರೇ ಪ್ರಶ್ನೆ. ಮೊದಲ ಹಾಳೆಯ ಕೆಳಗಿನ ಅಂಚು ಹೇಗಿದೆ? ಹತ್ತೊಂಬತ್ತನೆಯ ಹಾಳೆಯ ಅಂಚಿನಲ್ಲಿ ಕೈಬರಹ ಏನಾದರೂ ಇದೆಯೇ? ಪುಸ್ತಕ ನಿಮ್ಮ ಕೈಗೆ ಯಾರಿಂದ, ಯಾವಾಗ ಬಂತು?

ನೊರಿನ ಬೆಲ್ತ್ರಾಮೆ


ಫೆಲ್ತ್ರೆ, ೨ ನವೆಂಬರ್ ೧೯೫೭

ಶ್ರೀಮತಿ ನೊರಿನ ಅವರಿಗೆ,

ಹತ್ತೊಂಬತ್ತನೆಯ ಹಾಳೆಯಲ್ಲಿ ಬರಹವಿದೆ ಎಂದು ಹೇಗೆ ಊಹಿಸಿದಿರಿ? ಇದೇ ಇರಬೇಕು ನಿಮ್ಮ ವಿದ್ಯೆಯ ಮಾಟ. ಏಳು ದಿನದ ಜ್ವರಕ್ಕೆ ಕಷಾಯ ಹೇಳಿರುವ ಕಡೆ, ಹೊರ ಅಂಚಿನಲ್ಲಿ, ಕಂದು ಶಾಯಿಯಲ್ಲಿ, ಹೀಗಿದೆ:

"೧೫೨೯, ಆಗಸ್ಟ್. ಈ ಔಷಧ ಮೂರು ಸಲ ಕೊಟ್ಟೆ. ಏಳನೆಯ ದಿನ ನನ್ನ ಜುವಾನ್ ತೀರಿಕೊಂಡ. ಪುಸ್ತಕದ ತಪ್ಪಲ್ಲ. ನನ್ನ ತಪ್ಪೋ ಅಲ್ಲವೋ ದೇವರು ಹೇಳಲಿ."

ಬರೆದವನು ವೈದ್ಯನೋ ಬರೀ ಅಪ್ಪನೋ ಗೊತ್ತಿಲ್ಲ. ನಾನು ಇದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮಗು ಕಳೆದುಕೊಂಡ ಮನೆಯಿಂದ ಬಂದ ದಿನ ಓದುತ್ತೇನೆ.

ಮೊದಲ ಹಾಳೆಯ ಕೆಳ ಅಂಚನ್ನು ಯಾರೋ ಕತ್ತರಿಸಿ ಬೇರೆ ಕಾಗದ ಅಂಟಿಸಿದ್ದಾರೆ. ನಾನು ಕೊಂಡಾಗಲೇ ಹಾಗಿತ್ತು. ಕೊಂಡದ್ದು ಇಲ್ಲಿನ ಪಾದ್ರಿ ಡಾನ್ ಫಿಯೊರೆಂತ್ಸೊ ತ್ಸನೊಲ್ಲಿ ಅವರಿಂದ, ೧೯೩೪ರಲ್ಲಿ. ಅವರು ತೀರಿಕೊಂಡು ಎಂಟು ವರ್ಷವಾಯಿತು.

ಹಿಮ ಬೀಳುವ ಮೊದಲು ಒಮ್ಮೆ ಬನ್ನಿ. ಪುಸ್ತಕವನ್ನು ನೀವೇ ಕೈಯಲ್ಲಿ ಹಿಡಿದು ನೋಡಿ. ಪೀನ ಕುಂಬಳಕಾಯಿ ಹಾಕಿ ಅನ್ನ ಬೇಯಿಸುತ್ತಾಳೆ, ಅದಕ್ಕಾದರೂ ಬರಬಹುದು.

ನಿಮ್ಮ
ಒಲಿಂತೊ ದಲ್ಮಾಸೊ


ಫೆಲ್ತ್ರೆ, ೧೨ ಡಿಸೆಂಬರ್ ೧೯೫೭

ಶ್ರೀಮತಿ ಬೆಲ್ತ್ರಾಮೆ ಅವರಿಗೆ,

ಆರು ವಾರವಾಯಿತು. ಮನೆಗೆ ಬನ್ನಿ ಎಂದು ಬರೆದದ್ದು ತಪ್ಪಾಯಿತೇನೋ ಎಂದು ಕೊರಗುತ್ತಿದ್ದೇನೆ. ಒಂಟಿ ಗಂಡಸು, ಗಂಡನಿಲ್ಲದ ಹೆಂಗಸನ್ನು ಕರೆದ ಎಂದು ನಿಮಗೆ ಅನಿಸಿದ್ದರೆ ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ. "ನಿಮಗೆ ಕಾಗದ ಬರೆಯೋಕ್ಕೇ ಬರಲ್ಲ, ಬರೀ ಚೀಟಿ ಬರೆದು ಅಭ್ಯಾಸ" ಎಂದು ಪೀನ ದಿನಾ ಮೂದಲಿಸುತ್ತಾಳೆ.

ಪುಸ್ತಕ ಕ್ಷೇಮವಾಗಿದೆ. ನಿಮಗೆ ಮೈ ಚೆನ್ನಾಗಿದೆ ಎಂದು ಒಂದು ಸಾಲು ಬರೆದರೆ ಸಾಕು.

ಒ. ದಲ್ಮಾಸೊ


ಪಾದುವ, ೯ ಜನವರಿ ೧೯೫೮

ಮಾನ್ಯ ಡಾಕ್ಟರೇ,

ನಿಮ್ಮ ಆಹ್ವಾನದಿಂದ ನನಗೆ ಬೇಸರವಾಗಲಿಲ್ಲ. ಮೌನಕ್ಕೆ ಕಾರಣ ಬೇರೆ. ನಿಮ್ಮೊಂದಿಗೆ ನಾನು ಪ್ರಾಮಾಣಿಕವಾಗಿ ನಡೆದುಕೊಂಡಿಲ್ಲ. ಈಗ ಹೇಳುತ್ತೇನೆ.

ಆ ಅಂಚಿನ ಬರಹವನ್ನು ನಾನು ಊಹಿಸಲಿಲ್ಲ. ಅಕ್ಷರ ಕಲಿಯುವ ಮೊದಲೇ ಅದು ನನಗೆ ಬಾಯಿಪಾಠವಾಗಿತ್ತು. ನನ್ನ ಅಪ್ಪ ಎಜೀದಿಯೊ ಪೆರುಫೊ, ಕಾಸ್ತೆಲ್‌ರೋವೆರೆಯ ಮಠದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು. ಬೇರೆ ಮಕ್ಕಳಿಗೆ ತೋಳದ ಕಥೆ ಹೇಳಿದರೆ ನನಗೆ ಜುವಾನನ ಕಥೆ. ಆ ಪುಸ್ತಕ ೧೯೩೧ರ ಮೇ ತಿಂಗಳಲ್ಲಿ ಅಲ್ಲಿಂದ ಕಾಣೆಯಾಯಿತು. ಬೀಗದ ಕೈ ಇದ್ದದ್ದು ಅಪ್ಪನ ಹತ್ತಿರ ಮಾತ್ರ. ಮಾರಿಕೊಂಡ ಎಂದರು. ಸಾಕ್ಷಿ ಸಿಗಲಿಲ್ಲವಾದ್ದರಿಂದ ಜೈಲಿಗೆ ಹಾಕಲಿಲ್ಲ, ಕೆಲಸದಿಂದ ತೆಗೆದುಹಾಕಿದರು. ಇಟ್ಟಿಗೆ ಗೂಡಿನಲ್ಲಿ ಏಳು ವರ್ಷ ಗಾಡಿ ತಳ್ಳಿ, ೧೯೩೮ರಲ್ಲಿ ಹೋದರು. ಶವದ ಹಿಂದೆ ನಡೆದವರು ಒಂಬತ್ತು ಜನ.

ಪುಸ್ತಕ ಕಾಣೆಯಾದಾಗ ನಾನು ಹದಿನಾಲ್ಕರ ಹುಡುಗಿ. ಶಾಲೆಯಲ್ಲಿ ನನ್ನನ್ನು "ಹಾಳೆ ಕಳ್ಳಿ" ಎನ್ನುತ್ತಿದ್ದರು. ಅಪ್ಪನ ಜೊತೆ ಬೀದಿಯಲ್ಲಿ ನಡೆಯುವುದನ್ನು ಬಿಟ್ಟೆ. ಮದುವೆಯಾದಾಗ ಹೆಸರು ಬದಲಾಯಿತಲ್ಲ ಎಂದೇ ಹೆಚ್ಚು ಹಿಗ್ಗಿದೆ. ನಿಮಗೆ ಬರೆದ ಮೊದಲ ಕಾಗದಕ್ಕೆ ಆ ಹೊಸ ಹೆಸರನ್ನೇ ಹಾಕಿದೆ, ಅಪ್ಪನದನ್ನು ಬರೆಯಲಿಲ್ಲ.

ಈಗ ಮಠಕ್ಕೆ ಹೋಗಿ, ಓದಲು ಬಂದವರು ಸಹಿ ಹಾಕುವ ಹಳೆಯ ಹಾಜರಿ ಪುಸ್ತಕ ನೋಡಿ ಬಂದೆ. ಡಾನ್ ಫಿಯೊರೆಂತ್ಸೊ ತ್ಸನೊಲ್ಲಿ ಅವರ ಸಹಿ ೧೯೩೧ರ ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಸಲ ಇದೆ. ನನಗೆ ಇನ್ನು ಅನುಮಾನವಿಲ್ಲ. ಸೂಚಿ ಜೂನ್‌ನಲ್ಲಿ ಅಚ್ಚಿಗೆ ಹೋಗುತ್ತದೆ. ಆ ಪುಸ್ತಕದ ಕೆಳಗೆ, ಪ್ರತಿ ಹೇಗೆ ಕೈ ಬದಲಾಯಿಸಿತು ಎನ್ನುವ ಕಡೆ, ಅವರ ಹೆಸರನ್ನು ಕಳ್ಳನೆಂದೇ ಬರೆಯುತ್ತೇನೆ. ನೀವು ಮಾಡಬೇಕಾದದ್ದು ಒಂದೇ: ೧೯೩೪ರಲ್ಲಿ ಅವರಿಂದ ಕೊಂಡೆ ಎಂದು ಸಹಿ ಹಾಕಿದ ಒಂದು ಪತ್ರ. ಅಮ್ಮನಿಗೆ ಎಪ್ಪತ್ತಮೂರು. ಆಕೆ ಇರುವಾಗಲೇ ಇದು ಆಗಬೇಕು.

ನಿಮ್ಮ ನೇರ ಮಾತಿಲ್ಲದೆ ಹೋಗಿದ್ದರೆ ನನಗೆ ಇದು ಯಾವತ್ತೂ ತಿಳಿಯುತ್ತಿರಲಿಲ್ಲ. ಆ ಋಣ ದೊಡ್ಡದು.

ನೊರಿನ ಪೆರುಫೊ ಬೆಲ್ತ್ರಾಮೆ


ಪಾದುವ, ೨೦ ಫೆಬ್ರವರಿ ೧೯೫೮

ಮಾನ್ಯ ಡಾಕ್ಟರೇ,

ಪತ್ರ ಬರಲಿಲ್ಲ. ಸತ್ತ ಸ್ನೇಹಿತನ ವಿರುದ್ಧ ಸಹಿ ಹಾಕಲು ನಿಮಗೆ ಸಂಕಟವಾಗುತ್ತಿದೆ ಎಂದು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಬದುಕಿದವರ ಸಂಕಟವೂ ಒಂದಿದೆಯಲ್ಲ.

ಈ ತಿಂಗಳ ಮೊದಲ ಶನಿವಾರ ನಿಮ್ಮ ಊರಿಗೇ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ, ಒತ್ತಾಯ ಮಾಡಿದಂತಾಗಬಾರದು ಎಂದು. ಪಾದ್ರಿಯ ತಂಗಿ ಎರ್ಸೀಲಿಯ ಅವರ ಮನೆಗೆ ಹೋದೆ. ಒಲೆಯ ಮುಂದೆ ಕೂತು ಕಾಲ್ಚೀಲ ಹೆಣೆಯುತ್ತಿದ್ದರು. ನಾನು ಮೆತ್ತಗೆ ಹೇಳಬೇಕೆಂದೇ ಹೋದವಳು, ಬಾಯಿ ತೆರೆದರೆ ಬೇರೆಯೇ ಬಂತು.

"ನಮ್ಮಣ್ಣನಾ?" ಎಂದರು. "ನಮ್ಮಣ್ಣ ಚರ್ಚಿನ ಮೇಣದ ಬತ್ತಿ ಮನೆಗೆ ತಂದವನಲ್ಲ ಕಣಮ್ಮ. ಕತ್ತಲಲ್ಲೇ ಉಣ್ಣೋನು."

"ಕಳ್ಳರು ಮನೇಲಿ ಕಳ್ಳರಂಗೆ ಇರಲ್ಲ" ಎಂದೆ.

ಆಕೆ ಸೂಜಿ ಕೆಳಗಿಟ್ಟರು. "ನೀನು ಯಾರ ಮಗಳು?" ಎಂದು ಕೇಳಿದರು. ಹೇಳಿದೆ. "ಹಾಗಾದ್ರೆ ಸಾಕ್ಷಿ ಇಲ್ಲದೆ ಕಳ್ಳ ಅನ್ನಿಸಿಕೊಳ್ಳೋದು ಹೆಂಗಿರುತ್ತೆ ಅಂತ ನಿನಗೆ ಗೊತ್ತಿರಬೇಕಿತ್ತು" ಎಂದರು. ನಾನು ಎದ್ದು ಬಂದೆ.

ಅವತ್ತಿನಿಂದ ಆಕೆ ಪೂಜೆಗೆ ಚರ್ಚಿಗೆ ಹೋಗುತ್ತಿಲ್ಲವೆಂದು ಕೇಳಿದೆ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಿಮ್ಮ ಸಹಿ ಬಂದರೆ ಆದೀತು. ಬೇಗ ಕಳಿಸಿ.

ನೊರಿನ


ಫೆಲ್ತ್ರೆ, ೧೬ ಮಾರ್ಚ್ ೧೯೫೮

ಶ್ರೀಮತಿ ನೊರಿನ ಪೆರುಫೊ ಅವರಿಗೆ,

ಪುಸ್ತಕ ಕದ್ದವನು ನಾನು.

ಈ ಒಂದು ಸಾಲು ಬರೆಯಲು ಎರಡು ತಿಂಗಳು ಹಿಡಿಯಿತು. ಇನ್ನು ಉಳಿದದ್ದನ್ನು ಬರೆಯುವುದು ಸುಲಭ.

೧೯೩೧ರಲ್ಲಿ ನನಗೆ ಇಪ್ಪತ್ತೊಂಬತ್ತು. ಕಾಸ್ತೆಲ್‌ರೋವೆರೆಯ ಆಸ್ಪತ್ರೆಗೆ ಸಹಾಯಕ ವೈದ್ಯನಾಗಿ ಬಂದು ಮೂರು ವಾರವಾಗಿತ್ತು. ಅದೇ ವಾರ ಆರು ವರ್ಷದ ಹುಡುಗಿಯೊಬ್ಬಳು ಗಂಟಲಮಾರಿಯಿಂದ ನನ್ನ ಕೈಯಲ್ಲೇ ಹೋದಳು. ಔಷಧಿಯ ಪೆಟ್ಟಿಗೆ ಒಂದು ದಿನ ತಡವಾಗಿ ಬಂತು. ತರಿಸಲು ಹೇಳಬೇಕಾದವನು ನಾನೇ. ಮಾರನೆಯ ದಿನ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮಠದ ಗ್ರಂಥಾಲಯಕ್ಕೆ ಹೋದೆ. ಹಳೆಯ ವೈದ್ಯ ಪುಸ್ತಕ ಏನಾದರೂ ಕೊಡಿ ಎಂದೆ. ನಿಮ್ಮ ತಂದೆ ಅದನ್ನೇ ತಂದಿಟ್ಟರು. ಹಾಜರಿಯಲ್ಲಿ ಸಹಿ ಹಾಕಲು ಹೋದಾಗ ಶಾಯಿ ಒಣಗಿತ್ತು. "ಮುಂದಿನ ಸಲ ಬರೀರಿ" ಎಂದರು.

ಹತ್ತೊಂಬತ್ತನೆಯ ಹಾಳೆಗೆ ಬಂದೆ. ಆಮೇಲೆ ಅವರು ಯಾವುದೋ ಕೆಲಸಕ್ಕೆ ಹೊರಗೆ ಹೋದರು. ನಾನು ಪುಸ್ತಕವನ್ನು ಕೋಟಿನೊಳಗೆ ಇಟ್ಟುಕೊಂಡು ನಡೆದೆ. ಒಂದು ವಾರ ಇಟ್ಟುಕೊಂಡು ತಂದಿಡುತ್ತೇನೆ ಎಂದುಕೊಂಡಿದ್ದೆ, ಅಷ್ಟು ಮಾತ್ರ ನಂಬಿ. ಆದರೆ ನಾಲ್ಕನೆಯ ದಿನ ಪುಸ್ತಕಗಳ ಎಣಿಕೆ ನಡೆಯಿತು, ಪೊಲೀಸರು ಬಂದರು. ಈಗ ಹೋದರೆ ಕೆಲಸ ಹೋಗುತ್ತದೆ ಎಂದು ಹೆದರಿದೆ. ನಾಳೆ, ನಾಳೆ ಎಂದುಕೊಂಡೆ. ಒಂದು ದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಗ್ರಂಥಪಾಲಕನನ್ನು ತೆಗೆದುಹಾಕಿದರು ಎಂದು. ಆ ತಿಂಗಳ ಕೊನೆಗೆ ಫೆಲ್ತ್ರೆಗೆ ವರ್ಗ ಕೇಳಿಕೊಂಡೆ. ಮಠದ ಮುದ್ರೆ ಇದ್ದ ಅಂಚನ್ನು ಆಸ್ಪತ್ರೆಯ ಕತ್ತರಿಯಿಂದ ನಾನೇ ಕತ್ತರಿಸಿದೆ.

ಡಾನ್ ಫಿಯೊರೆಂತ್ಸೊ ನನಗೆ ಬೇರೆ ಎರಡು ಪುಸ್ತಕ ಮಾರಿದ್ದು ನಿಜ. ಅದಕ್ಕೇ ಆ ಹೆಸರು ಬಾಯಿಗೆ ಬಂತು. ಅವರೂ ಅಲ್ಲಿ ಓದಿದ್ದರೆಂದು ನನಗೆ ಗೊತ್ತಿರಲಿಲ್ಲ. ಸತ್ತವರಿಗೆ ನೋವಿಲ್ಲ ಎಂದುಕೊಂಡೆ. ನೀವು ಎರ್ಸೀಲಿಯ ಅವರ ವಿಷಯ ಬರೆದಿರಿ. ನಾನು ಆಕೆಯ ರಕ್ತದೊತ್ತಡ ನೋಡುವ ಡಾಕ್ಟರು. ಮೊನ್ನೆ ಹೋದಾಗ ತೋಳು ಚಾಚಿ, "ಡಾಕ್ಟ್ರೇ, ನಮ್ಮಣ್ಣ ನಿಮಗೆ ಪುಸ್ತಕ ಮಾರಿದ್ನಾ?" ಎಂದು ಕೇಳಿದರು. ನಾನು ಪಟ್ಟಿ ಸುತ್ತುತ್ತಾ, "ಮಾತಾಡಬೇಡಿ, ಅಳತೆ ತಪ್ಪುತ್ತೆ" ಎಂದೆ.

ಶಿಕ್ಷೆ ಕೊಡುವ ಕಾನೂನಿನ ಅವಧಿ ಎಂದೋ ಮುಗಿದಿದೆ ಎಂದು ವಕೀಲರು ಹೇಳಿದರು. ಅದು ಇನ್ನೂ ನಾಚಿಕೆ. ಪುಸ್ತಕವನ್ನು ಮಠಕ್ಕೆ ಮರಳಿಸುತ್ತೇನೆ. ಸೂಚಿಯಲ್ಲಿ ನಿಮ್ಮ ತಂದೆ ನಿರ್ದೋಷಿ ಎಂದು ಬರೆಯಿರಿ. ಒಂದೇ ಬೇಡಿಕೆ: ನನ್ನ ಹೆಸರನ್ನು ನಾನು ಸಾಯುವವರೆಗೆ ತಡೆಹಿಡಿಯಿರಿ. ಈ ಬೆಟ್ಟದ ಜನ ನನ್ನನ್ನು ನಂಬಿ ಮಕ್ಕಳನ್ನು ಕೈಗೆ ಕೊಡುತ್ತಾರೆ.

ಕ್ಷಮೆ ಎಂಬ ಮಾತನ್ನು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬಹುದು.

ಒಲಿಂತೊ ದಲ್ಮಾಸೊ


ಪಾದುವ, ೧೧ ಏಪ್ರಿಲ್ ೧೯೫೮

ಡಾಕ್ಟರೇ,

ಕಾಗದ ಬಂದ ದಿನ ನನಗೆ ಆದದ್ದು ಸಂತೋಷವೇ. ಬಚ್ಚಿಡುವುದಿಲ್ಲ. ನಿಮ್ಮನ್ನು ದ್ವೇಷಿಸಲು ಪುರುಸೊತ್ತೂ ಆಗಲಿಲ್ಲ. ಕೋಟು ಕೂಡ ಬಿಚ್ಚದೆ ಅಡುಗೆಮನೆಗೆ ಓಡಿದೆ. ಅಮ್ಮ ಒಲೆಯ ಮೇಲೆ ಜೋಳದ ಹಿಟ್ಟಿನ ಪೊಲೆಂತ ತಿರುವುತ್ತಿದ್ದಳು. ಓದಿ ಹೇಳಿದೆ, ಮೊದಲಿನಿಂದ ಕೊನೆಯವರೆಗೆ.

ಅಮ್ಮ ತಿರುವುವುದನ್ನು ನಿಲ್ಲಿಸಿದಳು. ತಳ ಹತ್ತಿದ ವಾಸನೆ ಬಂದರೂ ಹಾಗೇ ನಿಂತಿದ್ದಳು. ಆಮೇಲೆ ಕೇಳಿದಳು, "ಅವನು ಅಳ್ತಿದ್ದನಂತಾ?"

"ಯಾರು?"

"ಆ ಡಾಕ್ಟರು. ಅಳ್ತಿದ್ದ ಅಂತ ಬರೆದಿದ್ದಾನಾ?"

ಇಲ್ಲ ಎಂದೆ. ನೀವು ಬರೆದಿಲ್ಲ. ಆಗ ಅಮ್ಮ ಕೂತುಕೊಂಡು, ನನಗೆ ಎಂದೂ ಹೇಳದಿದ್ದದ್ದನ್ನು ಹೇಳಿದಳು. ಅಪ್ಪ ಅಂದು ಪೊಲೀಸರಿಗೂ, ಮಠದವರಿಗೂ, ಅಮ್ಮನಿಗೂ ಒಂದೇ ಮಾತು ಹೇಳಿದ್ದರಂತೆ. "ಒಬ್ಬ ಹೊಸ ಡಾಕ್ಟರು ಬಂದಿದ್ದ, ಹೆಸರು ಕೇಳಲಿಲ್ಲ. ಆದ್ರೆ ಅವನು ತಗೊಂಡಿರಲ್ಲ. ಪಾಪ, ಅಳ್ತಿದ್ದ." ಹಾಜರಿಯಲ್ಲಿ ಸಹಿ ಇಲ್ಲ. ಓದುತ್ತಾ ಅಳುವ ಡಾಕ್ಟರು! ಪೊಲೀಸರು ನಕ್ಕರು. ಅಮ್ಮನೂ ನಂಬಲಿಲ್ಲ. ಮನೆಯಲ್ಲಿ ಅದೊಂದು ಚುಚ್ಚುಮಾತಾಯಿತು. ಉಪ್ಪು ಮುಗಿದರೆ, "ನಿಮ್ಮ ಅಳೋ ಡಾಕ್ಟ್ರನ್ನೇ ತರೋಕೆ ಹೇಳಿ." ಬಾಡಿಗೆಯವರು ಬಂದರೆ, "ಅಳೋ ಡಾಕ್ಟ್ರು ಕೊಡ್ತಾರೆ." ಅಪ್ಪ ಮೊದಮೊದಲು ವಾದ ಮಾಡುತ್ತಿದ್ದರು. ಆಮೇಲೆ ಬಿಟ್ಟರು.

ಕೊನೆಯ ಕಾಯಿಲೆಯಲ್ಲಿ ಅಮ್ಮ ಅವರ ಕೈ ಹಿಡಿದು, "ಕದ್ದಿದ್ರೂ ಪರವಾಗಿಲ್ಲ, ನಾನು ಕ್ಷಮಿಸಿದೀನಿ" ಎಂದಳಂತೆ. ಅಪ್ಪ ಗೋಡೆಯ ಕಡೆ ತಿರುಗಿಕೊಂಡರಂತೆ.

ನೋಡಿ ಡಾಕ್ಟರೇ, ಇಪ್ಪತ್ತು ವರ್ಷ ಅಮ್ಮ ಬದುಕಿದ್ದು ಆ ಕ್ಷಮೆಯ ಮೇಲೆ. ಕಳ್ಳ ಗಂಡನನ್ನು ಕ್ಷಮಿಸಿದ ಒಳ್ಳೆಯ ಹೆಂಗಸು ತಾನು ಎಂದು. ನೀವು ಅದನ್ನೂ ತೆಗೆದುಕೊಂಡಿರಿ. ನಾನೇ ಅವಸರದಲ್ಲಿ ತಂದು ಅವಳ ಮುಂದೆ ಓದಿದೆ. ಎರಡು ದಿನ ಏನೂ ತಿನ್ನಲಿಲ್ಲ. ಮೂರನೆಯ ದಿನ ಸ್ಮಶಾನಕ್ಕೆ ಕರೆದುಕೊಂಡು ಹೋಗು ಎಂದಳು. ಕಾಸ್ತೆಲ್‌ರೋವೆರೆಯ ಬಸ್ಸು ನಿಲ್ಲುವ ಕಡೆಯವರೆಗೆ ಬಂದು, ಹತ್ತದೆ ವಾಪಸಾದಳು. "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದಳು. ನನ್ನದೂ ಅದೇ ಪ್ರಶ್ನೆ.

ಎರ್ಸೀಲಿಯ ಅವರ ಮನೆಗೆ ಮತ್ತೆ ಹೋಗಿದ್ದೆ. ನಿಮ್ಮ ಹೆಸರು ಹೇಳಲಿಲ್ಲ. ನಿಮ್ಮ ಅಣ್ಣ ಅಲ್ಲ, ನನ್ನದು ತಪ್ಪಾಯಿತು ಎಂದೆ. ಬಾಗಿಲನ್ನು ಒಂದು ಗೇಣು ತೆರೆದಿದ್ದರು. "ನನಗೆ ಗೊತ್ತಿತ್ತು. ನೀನು ಇದನ್ನ ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳು, ನನ್ನ ಬಾಗಿಲಲ್ಲಲ್ಲ" ಎಂದರು. ಭಾನುವಾರ ಪೂಜೆ ಮುಗಿದ ಮೇಲೆ ನಿಂತು ಹೇಳಿದೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನೀವೂ ಅಲ್ಲಿದ್ದಿರೇನೋ. ನಿಮ್ಮ ಮುಖ ನನಗೆ ಗೊತ್ತಿಲ್ಲ.

ನಿಮ್ಮ ಬೇಡಿಕೆಗೆ ಉತ್ತರ ಬರೆಯಲು ಕೂತದ್ದು, ಆದರೆ ಅಮ್ಮ ಹೇಳಿದ್ದನ್ನು ಮೊದಲು ಬರೆಯಬೇಕು. ಅವಳಿಗೆ ನಿಮ್ಮಿಂದ ಕ್ಷಮಾಪಣೆ ಬೇಡವಂತೆ. ಅವತ್ತು ಅಪ್ಪ ಹೇಗಿದ್ದರು ಎಂದು ಕೇಳಿ ಬರೆ ಎಂದಳು. "ಊರು ಅವನನ್ನ ಮನುಷ್ಯ ಅಂತ ನೋಡಿದ ಕೊನೇ ದಿನ ಅದು. ನೋಡಿದವನು ಇವನೊಬ್ಬನೇ. ಏನು ಉಟ್ಟಿದ್ದ, ಏನು ಮಾತಾಡಿದ, ಎಲ್ಲ ಬರೀಲಿ. ಸುಳ್ಳು ಸೇರಿಸಬಾರದು."

ನೊರಿನ


ಫೆಲ್ತ್ರೆ, ೪ ಮೇ ೧೯೫೮

ಶ್ರೀಮತಿ ಅರ್ಮೀದ ಪೆರುಫೊ ಅವರಿಗೆ,

ಮಗಳ ಹೆಸರಿಗೆ ಬಂದರೂ ಈ ಕಾಗದ ನಿಮಗೆ. ನೆನಪಿರುವುದನ್ನಷ್ಟೇ ಬರೆಯುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇನೆ.

ಬೂದು ಬಣ್ಣದ ಮೇಲಂಗಿ ಹಾಕಿದ್ದರು, ಮೊಣಕೈ ಹತ್ತಿರ ಕಪ್ಪು ಬಟ್ಟೆಯ ತೇಪೆ. ಕನ್ನಡಕವನ್ನು ಹಣೆಗೇರಿಸಿಕೊಂಡು, ಮೇಜಿನ ಮೇಲೆಲ್ಲ ಅದನ್ನೇ ಹುಡುಕುತ್ತಿದ್ದರು. ನಾನು ತೋರಿಸಿದಾಗ, "ಇದು ಯಾವಾಗ್ಲೂ ಹಿಂಗೇ, ಮನೇಲಿ ಬೈಸಿಕೊಳ್ಳೋಕೆ ಇದೊಂದು ಸಾಕು" ಎಂದರು. ಮೇಜಿನ ತುದಿಯಲ್ಲಿ ಒಂದು ಕಾಗದದ ಪೊಟ್ಟಣದಲ್ಲಿ ಚೆರ್ರಿ ಹಣ್ಣು. ಆ ವರ್ಷದ ಮೊದಲನೆಯವಂತೆ. ನನಗೆ ಒಂದು ಹಿಡಿ ಕೊಟ್ಟರು. ಉಳಿದದ್ದನ್ನು ಎಣಿಸಿದಂತೆ ಮಾಡಿ ಹ್ಯಾಟಿನೊಳಗೆ ಸುರಿದರು. "ಇವು ಅರ್ಮೀದಗೆ. ವರ್ಷದ ಮೊದಲನೇ ಚೆರ್ರಿ ಅವಳಿಗೆ ಹೋಗದಿದ್ರೆ ನನಗೆ ಊಟ ಇಲ್ಲ." ನಾನು ತಿಂದ ಮೇಲೆ ತಮ್ಮ ಕರವಸ್ತ್ರ ಕೊಟ್ಟರು. "ಕೈ ಒರೆಸಿಕೊಳ್ಳಿ ಡಾಕ್ಟ್ರೇ. ಈ ಪುಸ್ತಕ ನಿಮಗಿಂತ ನಾನೂರು ವರ್ಷ ದೊಡ್ಡವರು, ಮರ್ಯಾದೆ ಕೊಡಬೇಕು."

ಮಗಳು ಬುದ್ಧಿವಂತೆ ಎಂದರು. ಹೆಸರು ಹೇಳಿದರೋ ಇಲ್ಲವೋ ನೆನಪಿಲ್ಲ.

ಹೌದು, ನಾನು ಅಳುತ್ತಿದ್ದೆ. ಹಿಂದಿನ ಕಾಗದದಲ್ಲಿ ಅದನ್ನು ಬರೆಯಲಿಲ್ಲ. ಯಾಕೆಂದರೆ ಅದನ್ನು ಬರೆದರೆ ಇದನ್ನೂ ಬರೆಯಬೇಕಾಗುತ್ತಿತ್ತು: ಅವರು ಕೆಲಸಕ್ಕೆಂದು ಹೊರಗೆ ಹೋಗಲಿಲ್ಲ. ನಾನು ಆ ಅಂಚಿನ ಬರಹ ಓದಿ ತಲೆ ತಗ್ಗಿಸಿದಾಗ ಪಕ್ಕಕ್ಕೆ ಬಂದು ನಿಂತರು. ಹೆಗಲ ಮೇಲೆ ಒಂದು ಸಲ ಕೈ ಇಟ್ಟರು. "ನಾನು ಸ್ವಲ್ಪ ಹೊರಗಿರ್ತೀನಿ. ಆರಾಮಾಗಿ ಕೂತ್ಕೊಳ್ಳಿ. ಯಾರನ್ನೂ ಒಳಗೆ ಬಿಡಲ್ಲ" ಎಂದು ಬಾಗಿಲು ಎಳೆದುಕೊಂಡು ಹೋದರು. ಬೀಗದ ಕೈ ಇದ್ದ ಮನುಷ್ಯ ಓದುಗನನ್ನು ಪುಸ್ತಕದ ಜೊತೆ ಒಂಟಿಯಾಗಿ ಬಿಡಬಾರದು ಎಂಬ ನಿಯಮ ಗೋಡೆಯ ಮೇಲೇ ಇತ್ತು. ನಾನು ಕಣ್ಣೊರೆಸಿಕೊಳ್ಳಲಿ ಎಂದು ಅದನ್ನು ಮುರಿದರು. ನಾನು ಹಿಂಬಾಗಿಲಿನಿಂದ, ತೋಟದ ಮೂಲಕ ಹೊರಟೆ. ಗೋಡೆ ದಾಟುವಾಗ ನೋಡಿದೆ, ಅವರು ಇನ್ನೂ ಮುಂಬಾಗಿಲ ಕಟ್ಟೆಯ ಮೇಲೆ ನನ್ನನ್ನು ಕಾಯುತ್ತಾ ಕೂತಿದ್ದರು, ಬೆನ್ನು ಈ ಕಡೆ.

ಇಷ್ಟೇ ನನಗೆ ಗೊತ್ತಿರುವುದು.

ಏಪ್ರಿಲ್ ಕೊನೆಯ ವಾರ ಪುಸ್ತಕವನ್ನು ಮಠಕ್ಕೆ ನಾನೇ ಒಯ್ದು ಕೊಟ್ಟೆ. ಪತ್ರಿಕೆಗೆ ಬರೆದು ಸಹಿ ಹಾಕಿದೆ. ನಾಲ್ಕು ಸಾಲು ಸಾಕು ಎಂದರು ಸಂಪಾದಕರು, ನಲವತ್ತು ಬರೆದೆ. ಎರ್ಸೀಲಿಯ ಅವರ ಮನೆಗೂ ಹೋದೆ. ತೋಳು ಚಾಚಲಿಲ್ಲ, ಬೇರೆ ಡಾಕ್ಟರನ್ನು ನೋಡಿಕೊಂಡಿದ್ದೇನೆ ಎಂದರು. ಪೀನ ಒಂದು ವಾರ ಮಾತು ಬಿಟ್ಟಿದ್ದಳು. ನಿನ್ನೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ, "ಇಪ್ಪತ್ತು ವರ್ಷ ನಿಮ್ಮ ಅಂಗಿ ಒಗೆದೆ, ಈ ಕಲೆ ಕಾಣಲೇ ಇಲ್ಲವಲ್ಲ" ಎಂದಳು. ಕೆಲವರು ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿದ್ದಾರೆ, ಕೆಲವರು ತರುತ್ತಾರೆ. ಸೂಚಿಯಲ್ಲಿ ನನ್ನ ಪೂರ್ತಿ ಹೆಸರು ಹಾಕಿ. ಬೇಡಿಕೆ ಹಿಂತೆಗೆದುಕೊಂಡಿದ್ದೇನೆ.

ನೀವು ಹೇಳಿದರೆ ನಿಮ್ಮ ಮುಂದೆ ಬಂದು ನಿಲ್ಲುತ್ತೇನೆ.

ಒಲಿಂತೊ ದಲ್ಮಾಸೊ


ಪಾದುವ, ೨೫ ಮೇ ೧೯೫೮

ಡಾಕ್ಟರೇ,

ಸೂಚಿ ಒಂದು ವಾರ ಮುಂಚೆಯೇ ಅಚ್ಚಿಗೆ ಹೋಯಿತು. ಆ ಪುಸ್ತಕದ ಕೆಳಗೆ ಹೀಗಿದೆ: "ಪೂರ್ಣ ಪ್ರತಿ, ಕಾಸ್ತೆಲ್‌ರೋವೆರೆ. ೧೯೩೧ರ ಮೇ ತಿಂಗಳಲ್ಲಿ ಡಾ. ಒಲಿಂತೊ ದಲ್ಮಾಸೊ ಅವರಿಂದ ಕಳವು. ೧೯೫೮ರಲ್ಲಿ ಅವರೇ ಮರಳಿಸಿದರು. ಗ್ರಂಥಪಾಲಕ ಎಜೀದಿಯೊ ಪೆರುಫೊ ಅವರ ಮೇಲೆ ಹೊರಿಸಿದ ಆರೋಪ ಸುಳ್ಳು." ಅಚ್ಚಿನ ಮನೆಯವರು ಇಂಥದ್ದು ಸೂಚಿಯಲ್ಲಿ ಬರಬಾರದು ಎಂದರು. ಪ್ರತಿ ಹೇಗೆ ಕೈ ಬದಲಾಯಿಸಿತು ಎನ್ನುವುದು ಸೂಚಿಯ ಕೆಲಸವೇ ಎಂದೆ.

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿದೆ. ತೇಪೆ ಕಪ್ಪಲ್ಲ, ಕಡುನೀಲಿ, ತಾನೇ ಹಾಕಿದ್ದು ಎಂದು ತಿದ್ದಿದಳು. ಹ್ಯಾಟು ಎಂದಾಗ ಕೈ ಎತ್ತಿ ನಿಲ್ಲಿಸಿದಳು. ಅವತ್ತು ಸಂಜೆ ಅಪ್ಪ ಹ್ಯಾಟಿನಲ್ಲಿ ಚೆರ್ರಿ ತಂದಿದ್ದರಂತೆ. ಒಳಗಿನ ಬಟ್ಟೆಗೆಲ್ಲ ಕಲೆಯಾಯಿತು ಎಂದು ಇವಳು ರೇಗಿದಳಂತೆ. ಹಣ್ಣು ಹೇಗಿತ್ತು ಎಂದು ಕೇಳಿದೆ. "ಸಿಹಿ ಇತ್ತು, 'ಸಿಹಿ ಇದೆ' ಅಂತ ಅವನಿಗೆ ಹೇಳಲಿಲ್ಲ" ಎಂದಳು.

ಆಮೇಲೆ ಬಾಗಿಲು ಎಳೆದುಕೊಂಡ ಭಾಗವನ್ನು ಮೂರು ಸಲ ಓದಿಸಿದಳು. ಮೂರನೆಯ ಸಲಕ್ಕೆ ಅತ್ತಳು. ನೀವು ತಪ್ಪೊಪ್ಪಿಕೊಂಡ ಕಾಗದ ಬಂದ ದಿನದಿಂದ ಅತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಕಾಸ್ತೆಲ್‌ರೋವೆರೆಗೆ ಹೋದೆವು. ಸಮಾಧಿಯ ಮುಂದೆ ನನ್ನನ್ನು ದೂರ ನಿಲ್ಲಿಸಿ ತಾನೊಬ್ಬಳೇ ಏನೋ ಮಾತಾಡಿದಳು. ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಲೂ ಹೋಗಲಿಲ್ಲ. ಆಮೇಲೆ ನಾನು ಹೋಗಿ ನಿಂತೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸಿದ್ದೇನೆ ಎನ್ನುವವರ ಮೇಲೆ ನನಗೆ ಈಗ ನಂಬಿಕೆಯೂ ಕಡಿಮೆ.

ನೀವು ಬರುತ್ತೇನೆ ಎಂದದ್ದನ್ನು ಅಮ್ಮನಿಗೆ ಹೇಳಿದೆ.

"ಬರೋದು ಬೇಡ ಅಂತ ಬರಿ," ಎಂದಳು. ನಾನು ಲೇಖನಿ ಮುಚ್ಚುವಷ್ಟರಲ್ಲಿ ಮತ್ತೆ ಕರೆದಳು. "ಇನ್ನೇನಾದ್ರೂ ನೆನಪಾದ್ರೆ ಬರೀಲಿ ಅಂತಾನೂ ಬರಿ. ಚಿಕ್ಕದಾದ್ರೂ ಸರಿ."

ನೊರಿನ ಪೆರುಫೊ